ಕ್ಷಮೆ ದೊರೆತ ಮೇಲಿನ ಭಯ: ಗಡಿನಾಡಿನಲ್ಲಿ ‘ಯಾತ್ರಿಕನ ಸಂಚಾರ’ದ ಓದು

ಕುತೂಹಲಕಥೆಯೆಂದರೆ ಅಪರಾಧಿಯ ಶೋಧವೆಂಬ ಎಣಿಕೆ ಪತ್ತೇದಾರಿ ಕಾದಂಬರಿಗಳಿಂದ ಕನ್ನಡದಲ್ಲಿ ಬೇರೂರಿದೆ. ಅವುಗಳಿಗೂ ಬಹಳ ಹಿಂದೆ, ಅಂತಹ ಶೋಧವನ್ನಾಗಲಿ ಶೃಂಗಾರದ ಆಮಿಷವನ್ನಾಗಲಿ ಆಶ್ರಯಿಸದ ಗದ್ಯಕಥನವೊಂದು ಕನ್ನಡಕ್ಕೆ ಬಂದಿತ್ತು. ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ರೂಪಕಕಥೆ, 1840ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಪ್ರಯತ್ನದಿಂದ ‘ಯಾತ್ರಿಕನ ಸಂಚಾರ’ವಾಯಿತು. ಮತಪ್ರಸಾರದ ಸಾಧನವೆಂದು ಬದಿಗಿಡಲ್ಪಟ್ಟ ಈ ಕೃತಿಯನ್ನು ಕಥನಕಲೆಯ ದೃಷ್ಟಿಯಿಂದ ನೋಡಬೇಕಾಗಿದೆ.

ಕಥೆಯ ವಿಶೇಷವಿರುವುದು ಅದರ ಕಟ್ಟಡದಲ್ಲಿ. ಬೆನ್ನ ಮೇಲೆ ಪಾಪದ ಹೊರೆ ಹೊತ್ತ ಯಾತ್ರಿಕನಿಗೆ ಶಿಲುಬೆಯ ಬಳಿ ಅದು ತಾನಾಗಿ ಕಳಚಿ ಬೀಳುತ್ತದೆ. ಸಾಮಾನ್ಯ ನೀತಿಕಥೆ ಅಲ್ಲಿಗೇ ಮುಗಿಯಬೇಕಿತ್ತು. ಬನ್ಯನ್ನನ ಘೋರ ಸನ್ನಿವೇಶಗಳು ಆರಂಭವಾಗುವುದೇ ಅನಂತರ. ಸರಪಳಿ ಕಾಣಿಸದ ಸಿಂಹಗಳು, ಮರಣಚ್ಛಾಯೆಯ ಕಣಿವೆ, ಸಂದೇಹದ ಕೋಟೆ ಇವೆಲ್ಲ ಎದುರಾಗುವುದು ಕ್ಷಮೆ ದೊರೆತವನಿಗೆ. ಕೋಟೆಯೊಳಗೆ ಹತಾಶೆಯೆಂಬ ದೈತ್ಯನ ಸೆರೆಯಲ್ಲಿ ದಿನಗಳನ್ನು ಕಳೆದ ಬಳಿಕವೇ, ಬೀಗ ತೆರೆಯುವ ಕೀಲಿಕೈ ತನ್ನ ಎದೆಯಲ್ಲೇ ಇತ್ತೆಂದು ಅವನಿಗೆ ನೆನಪಾಗುತ್ತದೆ. ಓದುಗನ ಆತಂಕ ಹೊರಗಿನ ರಹಸ್ಯದಿಂದ ಹುಟ್ಟದೆ ಒಳಗಿನ ಮರೆವಿನಿಂದ ಹುಟ್ಟುತ್ತದೆ. ರಾಯದುರ್ಗ, ಮಡಕಶಿರಾಗಳಂತಹ ಬೆಟ್ಟದ ಕೋಟೆಗಳ ಊರುಗಳಲ್ಲಿ, ಕಾಯಬೇಕಾದ ಗೋಡೆಯೇ ಸೆರೆಯೂ ಆಗಬಲ್ಲದೆಂಬ ಈ ರೂಪಕಕ್ಕೆ ವಿವರಣೆ ಬೇಕಿಲ್ಲ.

ಕನ್ನಡದ ‘ಗೋವಿನ ಹಾಡ’ನ್ನು ಇದರ ಪಕ್ಕದಲ್ಲಿಡಬಹುದು. ಪುಣ್ಯಕೋಟಿ ಮರಳಿ ಬರುವಳೆಂದು ತಿಳಿದಿದ್ದರೂ ಕೇಳುವವರ ಉಸಿರು ಬಿಗಿಯುತ್ತದೆ. ಎರಡರಲ್ಲಿಯೂ ಕುತೂಹಲದ ಜೀವಾಳ ನಂಬಿಕೆಯೇ. ಆದರೆ ಹುಲಿಯ ಪಶ್ಚಾತ್ತಾಪ ಸಾವಿನಲ್ಲಿ ಮುಗಿಯುತ್ತದೆ. ಅದಕ್ಕೆ ತನ್ನನ್ನು ತಾನು ಮನ್ನಿಸಿಕೊಳ್ಳುವ ದಾರಿಯಿಲ್ಲ. ಯಾತ್ರಿಕನ ಪಶ್ಚಾತ್ತಾಪ ಬದುಕಿನ ಕಡೆಗೆ ನಡೆಯುತ್ತದೆ.

ಕೃತಿಯ ಕೊರತೆಯೂ ಕ್ಷಮೆಯ ವಿಷಯದಲ್ಲೇ ಇದೆ. ಕೂಗುವ ಹೆಂಡತಿ ಮಕ್ಕಳ ದನಿ ಕೇಳಿಸದಂತೆ ಕಿವಿ ಮುಚ್ಚಿಕೊಂಡು ಯಾತ್ರಿಕ ಓಡುತ್ತಾನೆ. 1684ರ ಎರಡನೆಯ ಭಾಗದಲ್ಲಿ ಹೆಂಡತಿ ಗಂಡನೊಡನೆ ಕಠಿಣವಾಗಿ ನಡೆದುಕೊಂಡುದಕ್ಕಾಗಿ ಮರುಗಿ, ಮಕ್ಕಳೊಡನೆ ಹೊರಡುತ್ತಾಳೆ. ಬಿಟ್ಟುಹೋದವನು ಆಕೆಯ ಕ್ಷಮೆ ಕೇಳಬೇಕಿತ್ತೇ ಎಂಬ ಪ್ರಶ್ನೆಯನ್ನು ಬನ್ಯನ್ ಎತ್ತುವುದಿಲ್ಲ. ದೇವರು ಮನುಷ್ಯನನ್ನು ಮನ್ನಿಸುವ ಕಥೆಯಲ್ಲಿ, ಮನುಷ್ಯರು ಪರಸ್ಪರ ಮನ್ನಿಸುವ ಅಧ್ಯಾಯ ತೆಳುವಾಗಿಬಿಟ್ಟಿದೆ.

ಗಡಿನಾಡಿನ ಓದುಗನನ್ನು ಹೆಚ್ಚು ಕಾಡುವ ಭಾಗ ಮಾಯಾಸಂತೆಯದು. ಅಲ್ಲಿ ಯಾತ್ರಿಕರ ಉಡುಪಿನಂತೆ ಮಾತೂ ಬೇರೆ. ಸಂತೆಯವರಿಗೆ ಅದು ತಿಳಿಯದು. ಭಿನ್ನರಾದ ತಪ್ಪಿಗೆ ಇಬ್ಬರೂ ಸೆರೆಯಾಗುತ್ತಾರೆ. ಒಬ್ಬ ಪ್ರಾಣವನ್ನೇ ತೆರುತ್ತಾನೆ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಅನಂತಪುರಕ್ಕೆ ಸೇರಿದ ರಾಯದುರ್ಗದಲ್ಲಿಯೂ, ಮೂರು ಕಡೆ ಕರ್ನಾಟಕವಿರುವ ಮಡಕಶಿರಾದಲ್ಲಿಯೂ ಕನ್ನಡದ ಓದುಗ ಈ ಪುಟಗಳಲ್ಲಿ ತನ್ನನ್ನೇ ಕಾಣಬಹುದು. ಈ ಹೋಲಿಕೆಯನ್ನು ಪೂರ್ತಿಯಾಗಿ ಒಪ್ಪುವುದು ಮಾತ್ರ ಅಪಾಯ. ಬನ್ಯನ್ನನಲ್ಲಿ ಒಂದು ನುಡಿ ಪಾವನ, ಇನ್ನೊಂದು ಪತಿತ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ಬದುಕಿಗೆ ಈ ವಿಭಜನೆ ಸಲ್ಲದು. ಇಲ್ಲಿನ ಸಂತೆ ವೈರಿಯ ನೆಲವಲ್ಲ, ನೆರೆಯವರ ಅಂಗಳ.

ಆದ್ದರಿಂದ ಈ ಕೃತಿಯನ್ನು ಗಡಿನಾಡಿನ ಕನ್ನಡ ಮಕ್ಕಳ ಕೈಗಿಡುವುದಾದರೆ, ಅದರ ಕುತೂಹಲವನ್ನು ಸವಿಯಲು ಕಲಿಸುವುದರೊಡನೆ ಅದರ ಸಂತೆಯನ್ನು ಪ್ರಶ್ನಿಸಲೂ ಕಲಿಸಬೇಕು. ಎದೆಯಲ್ಲಿರುವ ಕೀಲಿಕೈಯನ್ನು ಅದು ನೆನಪಿಸುತ್ತದೆ. ಬಿಟ್ಟುಬಂದವರ ಬಾಗಿಲನ್ನೂ ಅದೇ ಕೀಲಿಕೈಯಿಂದ ತೆರೆಯುವ ಕಥೆಯನ್ನು ಮುಂದಿನವರು ಬರೆಯಬೇಕಾಗಿದೆ.