ಉತ್ತರ ಸರಿ, ಪುಸ್ತಕ ಓದಿದ್ದೀರಾ?

ಮೊದಲು ಐದು ಪ್ರಶ್ನೆಗಳು. ಒಂದು: ಸಂಗೀತದಲ್ಲಿ ಮಧ್ಯ ಸ್ಥಾಯಿಗಿಂತ ಕೆಳಗಿನ ಸ್ಥಾಯಿಗೆ ಏನೆನ್ನುತ್ತಾರೆ? ಎರಡು: ರಾಮಾಯಣಕ್ಕೆ ಕಾಂಡಗಳಿರುವಂತೆ ಮಹಾಭಾರತಕ್ಕೆ ಹದಿನೆಂಟು ಏನಿವೆ? ಮೂರು: ಭೂಮಿಯ ನೆರಳು ಚಂದ್ರನ ಮೇಲೆ ಬಿದ್ದಾಗ ಆಗುವುದೇನು? ನಾಲ್ಕು: ಜೋಗದಲ್ಲಿ 253 ಮೀಟರ್ ಎತ್ತರದಿಂದ ಧುಮುಕುವ ಶರಾವತಿ ಅಲ್ಲಿ ಏನಾಗುತ್ತಾಳೆ? ಐದು: ಕಣ್ಣಾರೆ ಕಂಡದ್ದನ್ನು ಕೋರ್ಟಿನ ಕಟಕಟೆಯಲ್ಲಿ ನಿಂತು ಹೇಳುವವನು ಯಾರು?

ಒಂದೊಂದೂ ಹೈಸ್ಕೂಲು ಹುಡುಗರು ಹೇಳಬಹುದಾದ ಉತ್ತರವೇ. ಮಂದ್ರ, ಪರ್ವ, ಗ್ರಹಣ, ಜಲಪಾತ, ಸಾಕ್ಷಿ. ಆದರೆ ಮೂರನೆಯ ಉತ್ತರದ ಹೊತ್ತಿಗೆ ಕನ್ನಡದ ಓದುಗರಿಗೆ ಒಳಗೇನೋ ಮಿಸುಕಾಡಿರುತ್ತದೆ. ಐದನೆಯದಕ್ಕೆ ಬರುವಾಗ ಅನುಮಾನವೇ ಇಲ್ಲ. ಐದೂ ಎಸ್.ಎಲ್. ಭೈರಪ್ಪನವರ ಕಾದಂಬರಿಗಳ ಹೆಸರು. ಕ್ವಿಜ್ ಮಂದಿ ಇದನ್ನು ‘ಕನೆಕ್ಟ್’ ಎನ್ನುತ್ತಾರೆ. ಸಂಗೀತ, ಪುರಾಣ, ಖಗೋಳ, ಭೂಗೋಳ, ಕಾನೂನು ಎಂದು ಐದು ದಿಕ್ಕಿಗೆ ಚೆಲ್ಲಿದ ಉತ್ತರಗಳನ್ನು ಒಂದು ಸಾಹಿತ್ಯದ ದಾರ ಗುಟ್ಟಾಗಿ ಪೋಣಿಸಿರುತ್ತದೆ. ದಾರ ಕಣ್ಣಿಗೆ ಬಿದ್ದ ಕ್ಷಣದ ಖುಷಿ ಸಣ್ಣದಲ್ಲ.

ಹೆಚ್ಚುಕಡಿಮೆ ಇಂಥದ್ದೇ ಒಂದು ಪ್ರಶ್ನೆಗೆ ಉತ್ತರ ಹೇಳಿ ಕಾಲೇಜಿನಲ್ಲಿ ನಾನೊಂದು ಬಹುಮಾನ ಗೆದ್ದಿದ್ದೆ. ಬಹುಮಾನವಾಗಿ ಸಿಕ್ಕಿದ್ದು ‘ಗೃಹಭಂಗ’. ಆ ಹೊತ್ತಿಗೆ ಭೈರಪ್ಪನವರ ಹದಿನೈದು ಕಾದಂಬರಿಗಳ ಹೆಸರನ್ನು ನಾನು ಉಸಿರು ಬಿಡದೆ ಹೇಳಬಲ್ಲವನಾಗಿದ್ದೆ. ಓದಿದ್ದು ಒಂದನ್ನೂ ಇಲ್ಲ. ‘ಗೃಹಭಂಗ’ ಬಂದದ್ದು 1970ರಲ್ಲಿ, ಅದನ್ನು ಟಿವಿ ಧಾರಾವಾಹಿ ಮಾಡಿದವರು ಗಿರೀಶ ಕಾಸರವಳ್ಳಿ, ಇಷ್ಟು ಗೊತ್ತಿತ್ತು. ಇಷ್ಟು ಗೊತ್ತಿದ್ದರೆ ಸಾಕು ಎಂದುಕೊಂಡು ಆ ಪುಸ್ತಕವನ್ನು ಕಪಾಟಿಗೆ ಸೇರಿಸಿದೆ. ಅದು ಅಲ್ಲಿಯೇ ಹಲವು ವರ್ಷ ಕೂತಿತ್ತು.

ಹೀಗಾಗಿ, ಈ ಬಗೆಯ ಪ್ರಶ್ನೆಯನ್ನು ಒಂದು ಸಾಹಿತ್ಯರೂಪವೆಂದೇ ತಿಳಿದು ವಿಮರ್ಶೆ ಮಾಡುವ ಹಕ್ಕು ನನಗೆ ಸ್ವಲ್ಪ ಇದೆ ಅನ್ನಿಸುತ್ತದೆ. ಕ್ವಿಜ್ಜನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬೆಂಗಳೂರಿನಲ್ಲಿ 1983ರಲ್ಲಿ ಶುರುವಾದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ನಿನಂಥ ಕೂಟಗಳು ಈ ಆಟವನ್ನು ಉರುಹೊಡೆಯುವ ಕೆಲಸದಿಂದ ಯೋಚಿಸುವ ಕೆಲಸಕ್ಕೆ ತಂದಿವೆ. ದೂರದರ್ಶನದ ಚಂದನದಲ್ಲಿ 2002ರಿಂದ ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದಿರುವ ‘ಥಟ್ ಅಂತ ಹೇಳಿ’ಯಲ್ಲಿ ಸರಿಯುತ್ತರಕ್ಕೆ ಕೊಡುವುದು ಪುಸ್ತಕ. ಉತ್ತರ ಮುಗಿದ ಮೇಲೆ ಓದು ಶುರುವಾಗಲಿ ಎಂಬ ಆಸೆ ಆ ಬಹುಮಾನದಲ್ಲೇ ಇದೆ. ನನ್ನ ತಕರಾರು ಇರುವುದು ಮುಖಪುಟದಲ್ಲೇ ನಿಂತುಬಿಡುವ ಕನೆಕ್ಟ್‌ಗಳ ಬಗ್ಗೆ. ಮೇಲಿನ ಐದು ಪ್ರಶ್ನೆಗಳನ್ನೇ ನೋಡಿ. ಭೈರಪ್ಪನವರು ತಮ್ಮ ಕಾದಂಬರಿಗೆ ‘ಮಂದ್ರ’ ಎಂದು ಯಾಕೆ ಹೆಸರಿಟ್ಟರು? ‘ಸಾಕ್ಷಿ’ಯಲ್ಲಿ ಯಾರು ಯಾರಿಗೆ ಸಾಕ್ಷಿ? ಇವನ್ನು ಕೇಳುವ ಅಗತ್ಯವೇ ಈ ಕನೆಕ್ಟ್‌ಗೆ ಬೀಳುವುದಿಲ್ಲ. ಗ್ರಂಥಾಲಯದ ಪಟ್ಟಿಯೊಂದಿದ್ದರೆ ಸಾಕು, ದಾರ ಸಿಕ್ಕಿಬಿಡುತ್ತದೆ.

ಈ ಆಟಕ್ಕೆ ಬಹಳ ಹೆಸರು ತಂದದ್ದು 2008ರಲ್ಲಿ ಬಿಬಿಸಿಯಲ್ಲಿ ಶುರುವಾದ ‘ಓನ್ಲಿ ಕನೆಕ್ಟ್’. ಅದರ ಮೊದಲ ಸುತ್ತಿನಲ್ಲಿ ನಾಲ್ಕು ಸುಳಿವುಗಳು ಒಂದರ ಹಿಂದೊಂದು ಬರುತ್ತವೆ. ಒಂದೇ ಸುಳಿವಿಗೆ ಸಂಬಂಧ ಹಿಡಿದರೆ ಐದು ಅಂಕ, ನಾಲ್ಕನ್ನೂ ನೋಡಿ ಹೇಳಿದರೆ ಒಂದೇ. ಕಾರ್ಯಕ್ರಮದ ಹೆಸರು ಬಂದದ್ದು ಇ.ಎಂ. ಫಾರ್ಸ್ಟರ್ 1910ರಲ್ಲಿ ಪ್ರಕಟಿಸಿದ ‘ಹವರ್ಡ್ಸ್ ಎಂಡ್’ ಕಾದಂಬರಿಯಿಂದ. ಅಲ್ಲಿ ಕೂಡಿಸಬೇಕಾದದ್ದು ಒಳಗಿನ ಬದುಕನ್ನು ಹೊರಗಿನ ಬದುಕಿನೊಂದಿಗೆ, ಒಂದು ವರ್ಗದ ಮನುಷ್ಯನನ್ನು ಇನ್ನೊಂದು ವರ್ಗದವನೊಂದಿಗೆ. ಅದೇ ಕಾದಂಬರಿಯಲ್ಲಿ ಲಿಯೊನಾರ್ಡ್ ಬ್ಯಾಸ್ಟ್ ಎಂಬ ಬಡ ಗುಮಾಸ್ತನಿದ್ದಾನೆ. ಉಳ್ಳವರ ಮಾತುಕತೆಯಲ್ಲಿ ತನಗೂ ಒಂದು ಜಾಗ ಸಿಗಲೆಂದು ಅವನು ಕಷ್ಟಪಟ್ಟು ಓದುತ್ತಾನೆ, ಸಂಗೀತ ಕೇಳುತ್ತಾನೆ. ಹೆಸರುಗಳು ಅವನ ಬಾಯಿಗೆ ಬರುತ್ತವೆ, ಜಾಗ ಮಾತ್ರ ಸಿಗುವುದಿಲ್ಲ. ಕೊನೆಗೆ ಹೊಡೆತ ತಿಂದು ಕುಸಿಯುವಾಗ ಪುಸ್ತಕದ ಕಪಾಟು ಅವನ ಮೇಲೆ ಬೀಳುತ್ತದೆ, ಅಲ್ಲೇ ಸಾಯುತ್ತಾನೆ. ಹೆಸರುಗಳನ್ನು ಕೂಡಿಹಾಕಿದ್ದ ನನಗೆ ಆ ಕಪಾಟಿನ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು.

ಸಂಬಂಧ ಹುಡುಕುವ ಆಟ ನಮಗೇನೂ ಹೊಸದಲ್ಲ. ಒಗಟು ಇದೆ, ಅಲ್ಲಮನ ಬೆಡಗಿನ ವಚನಗಳಿವೆ, ಕನಕದಾಸರ ಮುಂಡಿಗೆಗಳಿವೆ. ಮುಂಡಿಗೆಯ ಒಂದು ಬಗೆಯನ್ನು ನೋಡಿ. ದೇವರ ಹೆಸರನ್ನು ನೇರವಾಗಿ ಹೇಳದೆ, ಇಂಥವನ ಮಗ, ಆ ಮಗನ ವೈರಿ, ಆ ವೈರಿಯ ಅಣ್ಣ ಎಂದು ನಂಟಿನ ಮೇಲೆ ನಂಟು ಹೆಣೆಯುತ್ತಾ ಹೋಗುತ್ತದೆ. ಅದನ್ನು ಬಿಡಿಸಬೇಕಾದರೆ ಹೆಸರುಗಳ ಪಟ್ಟಿ ಸಾಲದು. ಆ ವೈರ ಯಾಕಾಯಿತು ಎಂಬ ಕಥೆ ಗೊತ್ತಿರಬೇಕು. ಒಂದೊಂದು ಕೊಂಡಿಯಲ್ಲೂ ಒಂದು ಪುರಾಣ ಕೂತಿರುತ್ತದೆ. ಉತ್ತರ ಮುಟ್ಟುವಷ್ಟರಲ್ಲಿ ಕೇಳಿದವನು ನಾಲ್ಕಾರು ಕಥೆಗಳನ್ನು ಹಾದು ಬಂದಿರುತ್ತಾನೆ.

ಇದಕ್ಕೂ ಹಳೆಯ ಉದಾಹರಣೆ ಯಕ್ಷಪ್ರಶ್ನೆ. ಅದನ್ನು ನಾವು ಸಾಮಾನ್ಯವಾಗಿ ಜಾಣ್ಮೆಯ ಪರೀಕ್ಷೆ ಎಂದೇ ಓದುತ್ತೇವೆ. ಕೊಳದ ದಂಡೆಯಲ್ಲಿ ನಾಲ್ವರು ತಮ್ಮಂದಿರು ಸತ್ತು ಬಿದ್ದಿದ್ದಾರೆ, ಯುಧಿಷ್ಠಿರ ಬಾಯಾರಿ ನಿಂತಿದ್ದಾನೆ, ಯಕ್ಷ ಒಂದರ ಮೇಲೊಂದು ಪ್ರಶ್ನೆ ಎಸೆಯುತ್ತಾನೆ. ಭೂಮಿಗಿಂತ ಭಾರವಾದದ್ದರ ಬಗ್ಗೆ ಕೇಳಿದಾಗ ಯುಧಿಷ್ಠಿರ ತಾಯಿಯ ಹೆಸರು ಹೇಳುತ್ತಾನೆ. ಗಾಳಿಗಿಂತ ವೇಗವಾದದ್ದು ಮನಸ್ಸು ಎನ್ನುತ್ತಾನೆ. ಎಲ್ಲಾ ಬಿಡಿಬಿಡಿ ಉತ್ತರಗಳು. ಕೊನೆಗೆ ಯಕ್ಷ, ಒಬ್ಬ ತಮ್ಮನನ್ನು ಬದುಕಿಸುತ್ತೇನೆ, ಯಾರು ಬೇಕು ಹೇಳು ಎನ್ನುತ್ತಾನೆ. ರಾಜ್ಯ ಗೆಲ್ಲಲು ಭೀಮ ಬೇಕು, ಅರ್ಜುನ ಬೇಕು. ಯುಧಿಷ್ಠಿರ ಕೇಳುವುದು ನಕುಲನನ್ನು. ಕುಂತಿಗೆ ತಾನೊಬ್ಬ ಉಳಿದಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂಬುದು ಅವನ ಲೆಕ್ಕ.

ನನಗೆ ಕಾಣುವ ಗುಪ್ತ ದಾರ ಇಲ್ಲಿದೆ. ತಾಯಿ ಭೂಮಿಗಿಂತ ಭಾರ ಎಂಬುದು ಬಾಯಲ್ಲಿ ಹೇಳಿದ ಉತ್ತರವಷ್ಟೇ ಆಗಿದ್ದರೆ ಅದು ಜನರಲ್ ನಾಲೆಜ್. ಮಾದ್ರಿ ಬದುಕಿಲ್ಲ, ಅವಳ ಪರವಾಗಿ ಮಾತಾಡುವವರು ಅಲ್ಲಿ ಯಾರೂ ಇಲ್ಲ. ಅಂಥ ಹೊತ್ತಿನಲ್ಲೂ ಆ ಭಾರವನ್ನು ತಕ್ಕಡಿಗೆ ಹಾಕಿದಾಗ ಉತ್ತರಕ್ಕೂ ಉತ್ತರಿಸಿದವನಿಗೂ ಸಂಬಂಧ ಹುಟ್ಟುತ್ತದೆ. ಕೇಳುತ್ತಿದ್ದವನು ಧರ್ಮ, ಅಂದರೆ ಯುಧಿಷ್ಠಿರನ ಸ್ವಂತ ತಂದೆ, ಎಂಬುದು ತಿಳಿಯುವುದು ಆಮೇಲೆ. ಅಂಕ ಕೊಡುವವನೂ ನಂಟಿನವನೇ ಆಗಿದ್ದ.

ಹಾಗಾದರೆ ಒಳ್ಳೆಯ ಸಾಹಿತ್ಯದ ಕನೆಕ್ಟ್ ಹೇಗಿರಬಹುದು? ನಾನೊಂದು ಹೆಣೆದು ನೋಡಿದೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಪತ್ತೆ ಮಾಡಿದ್ದು ಯಾವ ರೋಗದ ಸೂಕ್ಷ್ಮಾಣು? 1897ರಲ್ಲಿ ಮುಂಬೈಯಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ತನ್ನ ಮೈಗೇ ಮೊದಲು ಚುಚ್ಚಿಕೊಂಡ ಲಸಿಕೆ ಯಾವುದರ ವಿರುದ್ಧ? ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಬೆಳೆಯಲು 1898ರ ಯಾವ ಹಾವಳಿ ಕಾರಣವಾಯಿತು? ಆಲ್ಬೇರ್ ಕಮೂ 1947ರ ಕಾದಂಬರಿಯಲ್ಲಿ ಅಲ್ಜೀರಿಯಾದ ಓರಾನ್ ನಗರದ ಬಾಗಿಲು ಮುಚ್ಚಿಸಿದ್ದು ಏನು? ಉತ್ತರ ನಾಲ್ಕಕ್ಕೂ ಒಂದೇ, ಪ್ಲೇಗು. ಐದನೆಯ ಪ್ರಶ್ನೆ: ದೂರ್ವಾಸಪುರದ ನಾರಣಪ್ಪ ಸತ್ತದ್ದು ಯಾವುದರಿಂದ?

ಅನಂತಮೂರ್ತಿಯವರ ‘ಸಂಸ್ಕಾರ’ (1965) ಈ ಪ್ರಶ್ನೆಯ ಮೇಲೆಯೇ ನಿಂತಿದೆ. ಶಿವಮೊಗ್ಗಕ್ಕೆ ಹೋಗಿಬಂದವನಿಗೆ ಜ್ವರ, ಸಾವು. ಅಗ್ರಹಾರದಲ್ಲಿ ಇಲಿಗಳು ಹೊರಬಂದು ಸುತ್ತಿ ಬಿದ್ದು ಸಾಯುತ್ತವೆ. ಮನೆಗಳ ಮೇಲೆ ರಣಹದ್ದುಗಳು. ಸುಳಿವುಗಳೆಲ್ಲ ಅಂಗಳದಲ್ಲೇ ಬಿದ್ದಿವೆ. ಬ್ರಾಹ್ಮಣರು ಹದ್ದುಗಳನ್ನು ಓಡಿಸಲು ಜಾಗಟೆ ಬಾರಿಸುತ್ತಾರೆ, ಪ್ರಾಣೇಶಾಚಾರ್ಯರು ಶವಸಂಸ್ಕಾರದ ಉತ್ತರಕ್ಕಾಗಿ ಓಲೆಗರಿ ತಿರುವುತ್ತಾರೆ, ಮಾರುತಿಯ ಮುಂದೆ ಹೋಗಿ ಕೂರುತ್ತಾರೆ. ಓದುಗನಿಗೆ ಇಲಿಯೂ ಜ್ವರವೂ ಬೇಗ ಕೂಡಿಕೊಳ್ಳುತ್ತವೆ, ಅವರಿಗೆ ಕೂಡುವುದಿಲ್ಲ. ಶಾಸ್ತ್ರ ಅಷ್ಟು ಗೊತ್ತಿದ್ದೂ ಕಾಲ ಬುಡದಲ್ಲಿ ಸತ್ತ ಇಲಿಯನ್ನು ಅದರ ಜೊತೆ ಸೇರಿಸಿ ನೋಡಲಾಗದ ಪಾಂಡಿತ್ಯ ಅದು. ಆ ಪಾಂಡಿತ್ಯದ ಸೋಲನ್ನು ಅನಂತಮೂರ್ತಿ ವಾದ ಮಾಡಿ ಹೇಳುವುದಿಲ್ಲ, ಸುಳಿವುಗಳನ್ನು ನಮ್ಮ ಕೈಗೆ ಕೊಟ್ಟು ನಾವೇ ಕಾಣುವಂತೆ ಮಾಡುತ್ತಾರೆ. ಈ ಕನೆಕ್ಟ್ ಬಿಡಿಸಿದವರು ಪುಸ್ತಕದ ಹೆಸರಿನಲ್ಲಿ ನಿಲ್ಲಲಾರರು, ಅದರ ಒಳಗೆ ಕಾಲಿಟ್ಟಾಗಿರುತ್ತದೆ.

ನನ್ನ ಬಹುಮಾನದ ಪುಸ್ತಕವನ್ನು ಕೊನೆಗೂ ತೆರೆದದ್ದು 2020ರ ಲಾಕ್‌ಡೌನಿನಲ್ಲಿ, ಬೇರೇನೂ ಓದಲು ಇಲ್ಲದೆ. ‘ಗೃಹಭಂಗ’ದ ನಂಜಮ್ಮ ಕೈಲಾಗದ ಗಂಡನ ಶ್ಯಾನುಭೋಗಿಕೆಯ ಲೆಕ್ಕ ತಾನೇ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚುತ್ತಾಳೆ, ಮಕ್ಕಳನ್ನು ಸಾಕುತ್ತಾಳೆ. ಪ್ಲೇಗು ಬರುತ್ತದೆ. ಊರಿನವರು ಊರು ಬಿಟ್ಟು ಹೊರಗೆ ಶೆಡ್ಡು ಹಾಕಿಕೊಳ್ಳುತ್ತಾರೆ. ಎದೆಯೆತ್ತರಕ್ಕೆ ಬೆಳೆದ ಮಕ್ಕಳನ್ನು ಅದು ಒಯ್ಯುತ್ತದೆ.

ಆ ಪುಟಗಳನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಅಜ್ಜಿ. ಅಟ್ಟದ ಮೇಲೋ ಕಣಜದ ಸಂದಿಯಲ್ಲೋ ಒಂದು ಇಲಿ ಸತ್ತು ಬಿದ್ದಿದ್ದರೆ ಸಾಕು, ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಮಕ್ಕಳನ್ನೆಲ್ಲ ಅಂಗಳಕ್ಕೆ ಅಟ್ಟಿ, ಸಗಣಿ ಸಾರಿಸಿ ಒಲೆ ಹಚ್ಚುವ ತನಕ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಇಲಿಗೆ ಹೆದರುವ ಅಜ್ಜಿ ಎಂದು ನಾವು ನಗುತ್ತಿದ್ದೆವು. ಅವರ ಇಬ್ಬರು ಅಣ್ಣಂದಿರು ಚಿಕ್ಕಂದಿನಲ್ಲೇ ‘ಬೇನೆ’ಯಲ್ಲಿ ಹೋದರೆಂದು ಮನೆಯಲ್ಲಿ ಆಗಾಗ ಮಾತು ಬರುತ್ತಿತ್ತು. ಯಾವ ಬೇನೆ ಎಂದು ಯಾರೂ ಕೇಳಲಿಲ್ಲ. ಎರಡೂ ಸುಳಿವು ನನ್ನ ಕಣ್ಣೆದುರಿಗೇ ಇದ್ದವು. ನಡುವಿನ ದಾರ ಇದ್ದದ್ದು ನಾನು ಓದದೆ ಗೆದ್ದ ಪುಸ್ತಕದಲ್ಲಿ. ಅದು ಸಿಗುವ ಹೊತ್ತಿಗೆ, ಹೌದಾ ಅಜ್ಜಿ ಎಂದು ಕೇಳೋಣವೆಂದರೆ ಅಜ್ಜಿ ಇರಲಿಲ್ಲ.