ಅರ್ಧ ಕಳೆದುಹೋದ ಚಿತ್ರವನ್ನು ಓದುವುದು: ‘ದಿ ಲಾಸ್ಟ್ ಔಟ್‌ಲಾ’ (1919)

ದನಿ ಕೇಳಿಸ್ತಾ ಇದೆ ಅಂದ್ಕೊಂಡು ಶುರುಮಾಡ್ತೇನೆ. ಶೀರ್ಷಿಕೆಯಲ್ಲಿರೋ ‘ಲಾಸ್ಟ್’ ಅಂದರೆ ‘ಕೊನೆಯ’ ಅಂತ, ‘ಕಳೆದುಹೋದ’ ಅಂತಲ್ಲ. ಆದರೆ ಈ ಚಿತ್ರದ ಮಟ್ಟಿಗೆ ಎರಡೂ ನಿಜವಾಗಿಬಿಟ್ಟಿದೆ.

ಜಾನ್ ಫೋರ್ಡ್ 1919ರಲ್ಲಿ ನಿರ್ದೇಶಿಸಿದ ಎರಡು ರೀಲಿನ ಈ ಮೂಕಿಚಿತ್ರದಲ್ಲಿ ಇಂದು ಉಳಿದಿರುವುದು ಒಂದು ಭಾಗ ಮಾತ್ರ. ಬಡ್ ಕೋಬರ್ನ್ ಎಂಬ ದರೋಡೆಕೋರ ಹತ್ತು ವರ್ಷ ಜೈಲಿನಲ್ಲಿದ್ದು ಊರಿಗೆ ಮರಳುತ್ತಾನೆ. ಊರು ಗುರುತೇ ಸಿಗದಷ್ಟು ಬದಲಾಗಿದೆ. ಮಗಳು ಕಳ್ಳಸಾರಾಯಿ ದಂಧೆಯವನೊಬ್ಬನ ಸಂಗದಲ್ಲಿದ್ದಾಳೆ. ಹುಟ್ಟಿದೂರಲ್ಲೇ ಅಪರಿಚಿತನಾದವನ ಕಥೆ ಇದು.

ಕಳೆದ ಭಾಗವನ್ನು ತುಂಬಿಕೊಳ್ಳಲು ಸುಲಭದ ದಾರಿಯೊಂದಿದೆ: 1936ರಲ್ಲಿ ಇದೇ ಹೆಸರಿನಲ್ಲಿ ಬಂದ, ಹ್ಯಾರಿ ಕ್ಯಾರಿ ನಟಿಸಿದ ಮಾತಿನ ಚಿತ್ರ. ನನ್ನ ಮೊದಲ ಕರಡಿನಲ್ಲಿ ನಾನೂ ಹಾಗೇ ಮಾಡಿದ್ದೆ. ಈಗ ಅದು ತಪ್ಪು ಅನ್ನಿಸ್ತಿದೆ.

ಕಾರಣ ಪಾನನಿಷೇಧ. ಅಮೆರಿಕದಲ್ಲಿ ಅದಕ್ಕೆ ಸಂಬಂಧಿಸಿದ ಸಂವಿಧಾನ ತಿದ್ದುಪಡಿಗೆ ಒಪ್ಪಿಗೆ ಸಿಕ್ಕಿದ್ದು 1919ರ ಜನವರಿಯಲ್ಲಿ. ಅದು ರದ್ದಾದದ್ದು 1933ರ ಡಿಸೆಂಬರಿನಲ್ಲಿ. ಅಂದರೆ ಮೊದಲ ಚಿತ್ರದ ಪ್ರೇಕ್ಷಕರಿಗೆ ಕಳ್ಳಸಾರಾಯಿಯವನು ಆ ಹೊತ್ತಿನ ಖಳ. 1936ರ ಹೊತ್ತಿಗೆ ಅವನು ಹಳಬ. ಹಾಗಾಗಿ ಕೇಡು ಬೇರೆಡೆಗೆ ಸರಿಯಿತು: ಬ್ಯಾಂಕ್ ದರೋಡೆಕೋರರ ಕಡೆಗೆ, ಹಳೇ ಶೆರಿಫ್‌ನನ್ನು ಮೂಲೆಗೆ ತಳ್ಳಿದ ಪ್ರಚಾರಪ್ರಿಯ ಹೊಸ ಶೆರಿಫ್ ಕಡೆಗೆ. ನಾಯಕನ ಜೈಲುವಾಸವೂ ಇಪ್ಪತ್ತೈದು ವರ್ಷಕ್ಕೆ ಹಿಗ್ಗಿತು. ಕಥೆಯ ಎಲುಬು ಒಂದೇ, ಊರಿನ ರೋಗ ಬೇರೆ.

ಇದಕ್ಕಿಂತ ಮೊದಲಿನ, ಪುಣ್ಯಕ್ಕೆ ಉಳಿದಿರುವ ‘ಹೆಲ್ಸ್ ಹಿಂಜಸ್’ (1916) ಪಕ್ಕಕ್ಕಿಟ್ಟು ನೋಡೋಣ. ಅಲ್ಲಿ ವಿಲಿಯಂ ಎಸ್. ಹಾರ್ಟ್‌ನ ನಾಯಕ ಸಲೂನಿಗೆ ಬೆಂಕಿ ಹಚ್ಚುತ್ತಾನೆ, ಊರೇ ಸುಟ್ಟುಹೋಗುತ್ತದೆ. ಹೆಂಡದಂಗಡಿ ಹೋದರೆ ಪಾಪ ಹೋದೀತು ಎಂಬ ನಂಬಿಕೆ ಅದು. ಫೋರ್ಡ್‌ನ ಕಥೆಯಲ್ಲಿ ಕಾನೂನೇ ಮದ್ಯವನ್ನು ತಡೆದಿದೆ, ಆದರೂ ಕೇಡು ಹಿಂಬಾಗಿಲಿಂದ ಮನೆಯೊಳಗೇ ಬಂದಿದೆ. ಹಳೇ ಕಳ್ಳನಿಗಿಂತ ಹೊಸ ಸಭ್ಯಸ್ಥನೇ ಅಪಾಯಕಾರಿ ಅನ್ನೋ ಈ ತಿರುವು ನನಗೆ ಮುಖ್ಯ. 1936ರದನ್ನು ತಂದು ಅಂಟಿಸಿದರೆ ಅದೇ ಮರೆಯಾಗಿಬಿಡುತ್ತೆ.

ಕನ್ನಡದ ವಿದ್ಯಾರ್ಥಿಗಳಿಗೆ ಈ ಕಷ್ಟ ಹೊಸದಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’ ನಮಗೆ ಸಿಕ್ಕಿಲ್ಲ. ಬೇರೆಯವರು ಉದ್ಧರಿಸಿದ ಪದ್ಯಗಳಿಂದಲೇ ಅದರ ಬಗ್ಗೆ ಮಾತಾಡ್ತೇವೆ. ಹಾಗಂತ ಪಂಪನ ಪದ್ಯ ತಂದು ಅದರ ನಡುವೆ ಸೇರಿಸೋದಿಲ್ಲ ಅಲ್ವಾ?

ಕೊನೆಯ ಮಾತು. ಫೋರ್ಡ್‌ನ ‘ಸ್ಟ್ರೇಟ್ ಶೂಟಿಂಗ್’, ‘ಹೆಲ್ ಬೆಂಟ್’ ಚಿತ್ರಗಳ ಪ್ರತಿಗಳು ಸಿಕ್ಕಿದ್ದು ಹಾಲಿವುಡ್ಡಿನಲ್ಲಲ್ಲ, ಜೆಕ್ ದೇಶದ ಸಂಗ್ರಹಾಲಯದಲ್ಲಿ. ಕೇಂದ್ರ ಕಳೆದುಕೊಂಡದ್ದನ್ನು ಕೆಲವೊಮ್ಮೆ ದೂರದವರು ಕಾಪಾಡಿರ್ತಾರೆ. ಗಡಿಯಾಚೆ ಕೂತು ಕನ್ನಡ ಓದ್ತಿರೋ ನಮಗೆ ಇದು ಸಮಾಧಾನದ ಮಾತಲ್ಲ, ಕೆಲಸ. ನಮ್ಮ ಮನೆಯ ಅಟ್ಟದಲ್ಲಿ ಅರ್ಧ ಸಿಕ್ಕರೂ ಅರ್ಧ ಅಂತಲೇ ಬರೆದಿಡೋಣ. ಪ್ರಶ್ನೆಗಳಿದ್ದರೆ ಕೇಳಿ.