ಎಥನಾಲ್ ಕಾಲಮ್‌ಗೆ ಯಾವ ಸಾಲ್ವರ್?

ಕೊಹಿನೂರ, ಹುಮನಾಬಾದ್ ಕಡೆಯಿಂದ ಎಂಜಿನಿಯರಿಂಗ್ ಓದಲು ಹೋದವರು ಪ್ರಾಜೆಕ್ಟ್‌ಗೆ ಎಥನಾಲ್ ಬಟ್ಟಿ ಇಳಿಸುವ ಕಾಲಮ್ ಆರಿಸಿಕೊಂಡರೆ ಅದು ಸಹಜ. ಕಬ್ಬು ಅಲ್ಲಿಯದೇ ಬೆಳೆ, ಎಥನಾಲ್‌ಗೆ ಬೇಕಾದ ಕಾಕಂಬಿ ಸಕ್ಕರೆ ಕಾರ್ಖಾನೆಯದೇ ಸರಕು. ದ್ರವ, ಅನಿಲಗಳ ಹರಿವನ್ನು ಲೆಕ್ಕ ಹಾಕುವ ತಂತ್ರಾಂಶ ಓಪನ್‌ಫೋಮ್ 2004ರಿಂದ ಉಚಿತವಾಗಿ ಸಿಗುತ್ತಿದೆ, ಮುಕ್ತ ತಂತ್ರಾಂಶಗಳನ್ನು ಹರಡುವ ಐಐಟಿ ಬಾಂಬೆಯ ಫಾಸಿ ಯೋಜನೆಯ ನೆರವೂ ಇದೆ. ತೊಡಕಿರುವುದು ಅದರೊಳಗಿನ ಸಾಲ್ವರ್, ಅಂದರೆ ಸಮೀಕರಣ ಬಿಡಿಸುವ ಪ್ರೋಗ್ರಾಂನ ಆಯ್ಕೆಯಲ್ಲಿ.

ಹೊಸಬರ ಕೈ ಮೊದಲು ಹೋಗುವುದು ಇಂಟರ್‌ಫೋಮ್ ಎಂಬ ಸಾಲ್ವರ್ ಕಡೆಗೆ. ಒಂದರೊಳಗೊಂದು ಬೆರೆಯದ ಎರಡು ಪ್ರವಾಹಿಗಳ (ದ್ರವ ಅಥವಾ ಅನಿಲ) ಗಡಿಯನ್ನು ಅದು ಚೆನ್ನಾಗಿ ಹಿಂಬಾಲಿಸುತ್ತದೆ. ಅಣೆಕಟ್ಟಿನ ಕೋಡಿಯ ನೀರಿಗೆ ಅದೇ ಸರಿ. ಕಾಲಮ್‌ನ ಟ್ರೇ ಮೇಲೆ ನಡೆಯುವುದೇ ಬೇರೆ. ಕೆಳಗಿನ ಆವಿ ತೂತುಗಳ ಮೂಲಕ ನುಗ್ಗಿ ದ್ರವದಲ್ಲಿ ನೊರೆಯೆಬ್ಬಿಸುತ್ತದೆ, ಎಥನಾಲ್ ದ್ರವ ಬಿಟ್ಟು ಆವಿ ಸೇರುತ್ತದೆ, ನೀರು ಆವಿಯಿಂದ ದ್ರವಕ್ಕೆ ಇಳಿಯುತ್ತದೆ. ಇಂಟರ್‌ಫೋಮ್‌ನಲ್ಲಿ ಉಷ್ಣತೆಯ ಸಮೀಕರಣವೇ ಇಲ್ಲ, ಘಟಕಗಳ ಲೆಕ್ಕವೂ ಇಲ್ಲ. ರನ್ ಮುಗಿಯುತ್ತದೆ, ಗುಳ್ಳೆಗಳ ಚಿತ್ರ ಕಣ್ಣಿಗೆ ಹಬ್ಬ. ಎಥನಾಲ್ ಮಾತ್ರ ಒಂದು ಕಣವೂ ಗಡಿ ದಾಟಿರುವುದಿಲ್ಲ.

ಗುಳ್ಳೆಗುಳ್ಳೆಯನ್ನೂ ಹಿಡಿಯುವೆನೆಂದರೆ ಲ್ಯಾಪ್‌ಟಾಪ್ ತಾಳದು. ಒಂದು ಘನ ಮೀಟರಿಗೆ ಒಂದು ಮಿಲಿಮೀಟರಿನ ಸೆಲ್ ಹಾಕಿದರೆ ನೂರು ಕೋಟಿ ಸೆಲ್‌ಗಳಾಗುತ್ತವೆ. ಆದ್ದರಿಂದ ಟ್ರೇಗೆ, ಗುಳ್ಳೆಗಳನ್ನು ಬಿಡಿಬಿಡಿಯಾಗಿ ನೋಡದೆ ಸರಾಸರಿಯಲ್ಲಿ ಲೆಕ್ಕ ಹಾಕುವ ಆಯ್ಲರ್-ಆಯ್ಲರ್ ಬಗೆಯ ಮಲ್ಟಿಫೇಸ್‌ಆಯ್ಲರ್ ತಕ್ಕದ್ದು: ದ್ರವ, ಆವಿ ಎರಡೂ ಪ್ರಾವಸ್ಥೆಗಳಿಗೆ ಘಟಕಗಳು, ಶಾಖ, ದ್ರವ್ಯ ವರ್ಗಾವಣೆ ಎಲ್ಲವೂ ಅದರಲ್ಲಿವೆ. ಆದರೆ ಗುಳ್ಳೆಯ ಗಾತ್ರ, ಡ್ರ್ಯಾಗ್ ಮಾದರಿಯನ್ನು ನಾವೇ ಕೊಡಬೇಕು, ಉತ್ತರ ಅವನ್ನು ಅವಲಂಬಿಸಿರುತ್ತದೆ. ಆವೃತ್ತಿಯಿಂದ ಆವೃತ್ತಿಗೆ ಸಾಲ್ವರ್‌ಗಳ ಹೆಸರೂ ಬದಲಾಗುತ್ತವೆ. 2023ರ 11ನೇ ಆವೃತ್ತಿಯಲ್ಲಿ ಅವು ಮಾಡ್ಯೂಲ್‌ಗಳಾದವು, ಹಳೆಯ ಪಾಠಗಳ ಕಮಾಂಡ್‌ಗಳು ಹಾಗೆಯೇ ಓಡದಿರಬಹುದು. ಕಲಿಯುವವರಿಗೆ ಇದು ನಿಜವಾದ ಕಷ್ಟ.

ಇಡೀ ಕಾಲಮ್‌ನ ಲೆಕ್ಕ ಬೇಕಿದ್ದರೆ ಮೊದಲು ಡಿಡಬ್ಲ್ಯುಸಿಮ್ ಎಂಬ ಪ್ರಕ್ರಿಯಾ ಸಿಮ್ಯುಲೇಟರ್ ಸಾಕು. ಅಲ್ಲೂ ಒಂದು ಪರೀಕ್ಷೆ ಮಾಡಲೇಬೇಕು. ವಾತಾವರಣದ ಒತ್ತಡದಲ್ಲಿ ಸಾದಾ ಬಟ್ಟಿ ಇಳಿಸುವಿಕೆ ತೂಕದಲ್ಲಿ ಸುಮಾರು ಶೇಕಡಾ 95.6 ಎಥನಾಲ್‌ಗೆ ನಿಂತುಬಿಡುತ್ತದೆ. ನಿಮ್ಮ ಮಾದರಿ ಅದನ್ನೂ ದಾಟಿ 99 ತೋರಿಸಿದರೆ, ಮಿಶ್ರಣ ಆದರ್ಶವೆಂದುಕೊಳ್ಳುವ ರೌಲ್ಟ್ ನಿಯಮ ಹಾಕಿದ್ದೀರಿ ಎಂದೇ ಅನುಮಾನಿಸಿ; ಎನ್‌ಆರ್‌ಟಿಎಲ್‌ನಂಥ ಮಾದರಿಗೆ ಬದಲಿಸಿ.

ಪ್ರಾಜೆಕ್ಟ್ ಗೈಡ್‌ಗಳಲ್ಲಿ ಒಂದು ಮನವಿ: ವಿದ್ಯಾರ್ಥಿ ಬಣ್ಣದ ಚಿತ್ರ ತಂದಾಗ, ಒಳಹೋದ ಎಥನಾಲ್ ಎಷ್ಟು, ಹೊರಬಂದದ್ದು ಎಷ್ಟು ಎಂಬ ತಾಳೆಯನ್ನು ಮೊದಲು ಕೇಳಿ.